ದೊಡ್ಡ ಕಾವಲು ನಾಯಿಯನ್ನು ಉಳಿಸಿಕೊಂಡಿದ್ದೀರಿ, ಈಗ ಯಾರ ಕೈಗೆ ಕೊಡುವುದು?

"ಕಬ್ಬಿನ ಹೊಲದ ಬದಿಯಲ್ಲಿ ಒಂದು ರಾಟ್‌ವೀಲರ್ ಸಿಕ್ಕಿದೆ. ಪೂರ್ತಿ ಸೊರಗಿತ್ತು, ಈಗ ಚೇತರಿಸಿಕೊಂಡಿದೆ. ನಮ್ಮ ಮನೆ ಸಣ್ಣದು. ಯಾರಾದರೂ ತೋಟದವರಿಗೆ ಕೊಡಬಹುದಾ?" ಬೆಳಗಾವಿ, ಗೋಕಾಕ, ಜಮಖಂಡಿ, ಇಂಡಿ, ನಮ್ಮ ಭಾಗದ ಎಲ್ಲ ಕಡೆಯಿಂದ ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುತ್ತಿದ್ದುದನ್ನು ಈ ಸಲ ಒಂದೇ ಕಡೆ ಬರೆದಿದ್ದೇನೆ.

ನೇರ ಉತ್ತರ: ಕೊಡಬಹುದು. ಆದರೆ ತೋಟ ನೋಡಿ ಕೊಡಬೇಡಿ, ತೋಟದಲ್ಲಿರುವ ಮನುಷ್ಯರನ್ನು ನೋಡಿ ಕೊಡಿ. ಹತ್ತು ಎಕರೆ ಹೊಲ ಇದ್ದವರ ಮನೆಯಲ್ಲೇ ನಾಲ್ಕಡಿ ಸರಪಳಿಗೆ ಕಟ್ಟಿ ಹಾಕಿದ ನಾಯಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಸಣ್ಣ ಅಂಗಳದ ಮನೆಯಲ್ಲಿ 50 ಕಿಲೋ ತೂಕದ ನಾಯಿ ನೆಮ್ಮದಿಯಾಗಿ ಮಲಗಿರುವುದನ್ನೂ ನೋಡಿದ್ದೇನೆ. ಎರಡನೇ ಮನೆಯಲ್ಲಿ ಅದನ್ನು ಅರಿತವರು ಒಬ್ಬರಿದ್ದರು, ಅಷ್ಟೇ ವ್ಯತ್ಯಾಸ.

ಸಿಕ್ಕ ಕಡೆಯೇ ವಾಪಸ್ ಬಿಟ್ಟುಬರುವ ಯೋಚನೆ ಬೇಡ. ಹಸಿವು, ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಅಪರಾಧ. ಸದಾ ಕಟ್ಟಿಹಾಕಿ ಓಡಾಡಿಸದೇ ಇರುವುದೂ ಅದೇ ಕಲಂನಲ್ಲಿ ಬರುತ್ತದೆ. ಇದನ್ನು ತೋಟದವರಿಗೂ ಹೇಳಿ.

ಮೊದಲು ಈ ನಾಯಿಗಳ ಸ್ವಭಾವ

ಇಂಥ ನಾಯಿಗಳು ಬೀದಿಗೆ ಬೀಳುವುದು ಹೆಚ್ಚಾಗಿ ಒಂದೂವರೆಯಿಂದ ಮೂರು ವರ್ಷದೊಳಗೆ. ಇದಕ್ಕೆ ಕಾರಣ ಇದೆ. ಮರಿ ಇದ್ದಾಗ ಎಲ್ಲರ ಹತ್ತಿರ ಹೋಗುತ್ತದೆ, ಎಲ್ಲರೂ ಎತ್ತಿ ಆಡಿಸುತ್ತಾರೆ. ದೊಡ್ಡ ತಳಿಗಳ ಕಾವಲು ಗುಣ ತಡವಾಗಿ ಬಲಿಯುತ್ತದೆ. ಒಂದು ದಿನ ಹಾಲು ತರುವವರನ್ನು ಗೇಟಿನಲ್ಲೇ ತಡೆಯುತ್ತದೆ, ಇನ್ನೊಂದು ದಿನ ಬಂದ ಬೀಗರ ಮೇಲೆ ಗುರ್ ಅನ್ನುತ್ತದೆ. ಮನೆಯವರು ಹೆದರಿ ಕಟ್ಟುತ್ತಾರೆ. ಕಟ್ಟಿದಷ್ಟೂ ಅದರ ಸಿಟ್ಟು ಜಾಸ್ತಿ ಆಗುತ್ತದೆ. ಕೊನೆಗೆ ಯಾರಿಗೂ ಹೇಳದೆ ಹೆದ್ದಾರಿ ಪಕ್ಕ ಇಳಿಸಿ ಹೋಗುತ್ತಾರೆ. ನಾಯಿ ಮಾಡಿದ್ದು ತನ್ನ ರಕ್ತದಲ್ಲಿದ್ದ ಕೆಲಸವನ್ನೇ.

ಕಾವಲು ನಾಯಿ ಅಂದರೆ ಎಲ್ಲವೂ ಒಂದೇ ಅಲ್ಲ. ರಾಟ್‌ವೀಲರ್, ಡಾಬರ್‌ಮನ್ ಜಾತಿಯವು ಯಜಮಾನನ ಮುಖ ನೋಡಿ ಕೆಲಸ ಮಾಡುತ್ತವೆ. ಕಲಿಸಿದರೆ ಬೇಗ ಕಲಿಯುತ್ತವೆ. ಕಕೇಷಿಯನ್ ಶೆಫರ್ಡ್, ಕಾಂಗಲ್, ಹಿಮಾಲಯದ ಕಡೆಯ ಭೋಟಿಯಾ ನಾಯಿಗಳು ಮಂದೆ ಕಾಯಲು ಬೆಳೆದ ತಳಿಗಳು. ತೋಳ ಬಂದಾಗ ಕುರುಬನನ್ನು ಕೇಳಿ ಬೊಗಳುತ್ತಾ ಕೂರಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಅವು ತಾವೇ ತೀರ್ಮಾನ ಮಾಡುತ್ತವೆ. ಕರೆದರೆ ಒಂದು ಕ್ಷಣ ಯೋಚಿಸಿ ಬರುತ್ತವೆ, ಇಲ್ಲವೇ ಬರುವುದೇ ಇಲ್ಲ. ಇದನ್ನು ಹಠ ಅಂದುಕೊಂಡು ಹೊಡೆಯುವವರ ಕೈಗೆ ಸಿಕ್ಕರೆ ಅನಾಹುತ ಆಗುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ಗೊಂದಲ ಇದೆ. "ಮುಧೋಳ ನಾಯಿ ಸಾಕಿದ್ದೇವೆ, ನಮಗೆ ಅನುಭವ ಇದೆ" ಅನ್ನುತ್ತಾರೆ. ಮುಧೋಳ ನಾಯಿ ಕಣ್ಣಿಂದ ಬೇಟೆ ನೋಡಿ ಓಡುವ ತಳಿ. ಹಗುರ ಮೈ, ಸೂಕ್ಷ್ಮ ಮನಸ್ಸು. ಆ ಅನುಭವಕ್ಕೆ ಬೆಲೆ ಇದೆ. ಆದರೆ ಅದರ ಎರಡು ಪಟ್ಟು ತೂಕದ, ಜಾಗ ಬಿಟ್ಟುಕೊಡದ ನಾಯಿಯನ್ನು ಸಂಭಾಳಿಸುವುದು ಬೇರೆಯೇ ಕೆಲಸ. ಹಾಗೆಯೇ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರಕ್ಕೆ ಬಿಟ್ಟುಬರಬಹುದಾ ಎಂದೂ ಕೇಳುತ್ತಾರೆ. ಅದು ಮುಧೋಳ ತಳಿಯನ್ನು ಉಳಿಸಿ ಬೆಳೆಸಲು ಪಶುವೈದ್ಯಕೀಯ ವಿಶ್ವವಿದ್ಯಾಲಯ ನಡೆಸುವ ಕೇಂದ್ರ. ಸಿಕ್ಕ ನಾಯಿಗಳಿಗೆ ಆಶ್ರಯ ಕೊಡುವ ಜಾಗ ಅಲ್ಲ.

"ಈ ತಳಿ ನಿಷೇಧ ಆಗಿದೆಯಲ್ಲ?" ಅನ್ನುವ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ರಾಟ್‌ವೀಲರ್, ಕಕೇಷಿಯನ್ ಶೆಫರ್ಡ್, ಕಾಂಗಲ್ ಸೇರಿ ಹಲವು ತಳಿಗಳ ಆಮದು, ಮಾರಾಟ, ಸಂತಾನೋತ್ಪತ್ತಿ ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಅದೇ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಆದರೂ ಹೊಸ ಯಜಮಾನರ ಊರಿನ ಪಾಲಿಕೆ ಅಥವಾ ಪುರಸಭೆಯಲ್ಲಿ ಸಾಕುನಾಯಿಯ ನೋಂದಣಿ ನಿಯಮ ಏನಿದೆ ಎಂದು ಕೇಳಿಕೊಂಡೇ ಮುಂದುವರಿಯಿರಿ.

ಕೈಯಲ್ಲಿ ಏನೇನು ಇರಬೇಕು

ಅಗಲವಾದ ಗಟ್ಟಿ ಕೊರಳಪಟ್ಟಿ, ಎದೆಗೆ ಹಾಕುವ ಹಾರ್ನೆಸ್, ಎರಡು ಗಟ್ಟಿ ಲೀಶ್ ಹಗ್ಗ. ಜೊತೆಗೆ ಅಳತೆಗೆ ಸರಿಯಾದ ಬುಟ್ಟಿಯಂಥ ಮಝಲ್. ಎಡೆ ಹೊಡೆಯುವಾಗ ಎತ್ತು ಬೆಳೆಗೆ ಬಾಯಿ ಹಾಕಬಾರದು ಅಂತ ಬಾಯಿಗೆ ಕಟ್ಟುತ್ತಾರಲ್ಲ, ಅದೇ ಕೆಲಸದ್ದು. ನಾಯಿ ಅದರೊಳಗೆ ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗಬೇಕು. ಬಾಯಿ ಬಿಗಿದು ಮುಚ್ಚುವ ಬಟ್ಟೆಯ ಪಟ್ಟಿ ನಮ್ಮ ಬಿಸಿಲಿಗೆ ಅಪಾಯ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಲಸಿಕೆ ಪುಸ್ತಕ ಮಾಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ ಕಡಿಮೆ ಅಂದರೂ ಒಂದೂವರೆ ತಿಂಗಳು ಸಮಯ ಬೇಕು. ಈ ವಾರವೇ ಸಾಗಿಸಬೇಕು ಅನ್ನುವ ಅವಸರದಲ್ಲಿ ಕೊಟ್ಟ ನಾಯಿಗಳೇ ಜಾಸ್ತಿ ವಾಪಸ್ ಬರುವುದು.

ಹಂತ 1: ಇದು ಯಾರದೋ ಕಳೆದುಹೋದ ನಾಯಿ ಇರಬಹುದೇ?

ಪಟಾಕಿಗೆ ಬೆದರಿ ಓಡಿದ ನಾಯಿ ಹತ್ತಿಪ್ಪತ್ತು ಕಿಲೋಮೀಟರ್ ದೂರ ಹೋಗಿರುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ, ಪಶು ಆಸ್ಪತ್ರೆಗಳಲ್ಲಿ, ಔಷಧ ಅಂಗಡಿಗಳಲ್ಲಿ ವಿಚಾರಿಸಿ. ಪೊಲೀಸ್ ಠಾಣೆಯಲ್ಲಿ ಲಿಖಿತವಾಗಿ ತಿಳಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಮೈಕ್ರೋಚಿಪ್ ಇದೆಯಾ ಎಂದು ವೈದ್ಯರ ಬಳಿ ನೋಡಿಸಿ. ಇದು ಅಕ್ಕಿಕಾಳಿನಷ್ಟು ಸಣ್ಣ ವಸ್ತು, ಚರ್ಮದಡಿ ಇರುತ್ತದೆ, ಯಂತ್ರ ಹಿಡಿದರೆ 15 ಅಂಕಿಯ ಸಂಖ್ಯೆ ತೋರಿಸುತ್ತದೆ.

ಫೋಟೊ ಹಾಕುವಾಗ ಒಂದು ಎಚ್ಚರಿಕೆ. ನಾಯಿಯ ಒಂದು ಗುರುತನ್ನು ಮುಚ್ಚಿಡಿ. ಎದೆಯ ಬಿಳಿ ಮಚ್ಚೆಯೋ, ಹರಿದ ಕಿವಿಯೋ ಇರಬಹುದು. "ನಮ್ಮದೇ" ಎಂದು ಬರುವವರು ಅದನ್ನು ಹೇಳಬೇಕು, ಹಳೇ ಫೋಟೊ ಅಥವಾ ಲಸಿಕೆ ಪುಸ್ತಕ ತೋರಿಸಬೇಕು. ತಳಿ ನಾಯಿ ಅಂದರೆ ಸುಮ್ನೆ ಬಂದು ಕೇಳುವವರು ಇದ್ದೇ ಇರುತ್ತಾರೆ.

ಹಂತ 2: ವೈದ್ಯರ ಬಳಿ

ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆ ಅಥವಾ ನಾಯಿಗಳನ್ನು ಹೆಚ್ಚಾಗಿ ನೋಡುವ ಖಾಸಗಿ ವೈದ್ಯರಿಗೆ ಮೊದಲೇ ಫೋನ್ ಮಾಡಿ, ಜನ ಕಡಿಮೆ ಇರುವ ಹೊತ್ತು ಕೇಳಿ ಹೋಗಿ. ರೇಬೀಸ್ ಲಸಿಕೆ ಹಾಕಿಸಿ, ಅದನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ಡಿಸ್ಟೆಂಪರ್, ಪಾರ್ವೊ ತಡೆಯುವ ಲಸಿಕೆಯನ್ನೂ ವೈದ್ಯರು ಹೇಳಿದ ಅಂತರದಲ್ಲಿ ಕೊಡಿಸಿ.

ರೇಬೀಸ್ ವಿಷಯದಲ್ಲಿ ಸಡಿಲ ಬಿಡಬೇಡಿ. ಹಿನ್ನೆಲೆ ಗೊತ್ತಿಲ್ಲದ ನಾಯಿಯ ಮೈಯಲ್ಲಿ ಸೋಂಕು ಮೊದಲೇ ಹೊಕ್ಕಿದ್ದರೆ ವಾರಗಳು, ಕೆಲವೊಮ್ಮೆ ತಿಂಗಳುಗಳ ನಂತರ ಕಾಣಿಸಿಕೊಳ್ಳಬಹುದು. ಅದನ್ನು ನೋಡಿಕೊಳ್ಳುವವರು ಒಬ್ಬರೋ ಇಬ್ಬರೋ ಇರಲಿ. ಅವರು ಮುಂಚಿತವಾಗಿಯೇ ರೇಬೀಸ್ ಚುಚ್ಚುಮದ್ದು ತೆಗೆದುಕೊಳ್ಳುವ ಬಗ್ಗೆ ಡಾಕ್ಟರನ್ನು ಕೇಳಲಿ. ಕಚ್ಚಿದರೆ ಹರಿಯುವ ನೀರು, ಸೋಪಿನಿಂದ ಪೂರ್ತಿ 15 ನಿಮಿಷ ತೊಳೆಯಿರಿ. ಖಾರದ ಪುಡಿ, ಸುಣ್ಣ, ಅರಿಶಿಣ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಿ, ಎಲ್ಲ ಡೋಸ್ ಮುಗಿಸಿ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲೋಬುಲಿನ್ ಕೂಡ ಬೇಕಾಗುತ್ತದೆ. ಗಾಯದ ಹತ್ತಿರವೇ ಕೊಡುವ, ತಕ್ಷಣ ಕೆಲಸ ಮಾಡುವ ಮದ್ದು ಅದು.

ನಮ್ಮ ಕಡೆ ಉಣ್ಣಿ ಜಾಸ್ತಿ. ಉಣ್ಣಿ ಕಡಿತದಿಂದ ಬರುವ ಜ್ವರದಲ್ಲಿ ನಾಯಿ ಊಟ ಬಿಡುತ್ತದೆ, ವಸಡು ಬಿಳಿಚುತ್ತದೆ, ಮೂಗಿನಿಂದ ರಕ್ತ ಬರಬಹುದು. ರಕ್ತ ಪರೀಕ್ಷೆ ಮಾಡಿಸಿ. ಸೊಂಟ, ಮೊಣಕಾಲು ನೋವಿದೆಯಾ ಎಂದೂ ನೋಡಿಸಿ. "ಮುಟ್ಟಲು ಬಿಡುವುದಿಲ್ಲ, ಸಿಟ್ಟಿನ ನಾಯಿ" ಎಂದು ಹೆಸರು ಪಡೆದ ಎಷ್ಟೋ ನಾಯಿಗಳಿಗೆ ಇದ್ದದ್ದು ಕಿವಿಯ ಹುಣ್ಣು ಅಥವಾ ಸೊಂಟದ ನೋವು.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಯೇ ಕೊಡಿ. "ಆಮೇಲೆ ಅವರೇ ಮಾಡಿಸುತ್ತಾರೆ" ಅನ್ನುವ ಮಾತನ್ನು ನಂಬಬೇಡಿ. ಇದೊಂದು ಮುಗಿದಿದೆ ಎಂದು ತಿಳಿದ ಕೂಡಲೇ ಮರಿ ಮಾರುವ ಉದ್ದೇಶದವರು ತಾವಾಗಿಯೇ ಹಿಂದೆ ಸರಿಯುತ್ತಾರೆ.

ಹಂತ 3: ನಾಯಿಯನ್ನು ಓದಿ, ಬರೆದಿಡಿ

ಇಡೀ ಕೆಲಸದ ಜೀವಾಳ ಇದು. ಮೊದಲ ಕೆಲವು ದಿನ ಹೊಸ ಜಾಗದಲ್ಲಿ ನಾಯಿ ಕುಗ್ಗಿರುತ್ತದೆ. "ಎಷ್ಟು ಸಾಧು ನೋಡಿ" ಎಂದು ಎಲ್ಲರೂ ಹೇಳುತ್ತಾರೆ. ಸಾಧುತನ ಅಲ್ಲ, ಹೆದರಿಕೆ. ಎರಡು ಮೂರು ವಾರ ಕಳೆದು, ಇದು ನನ್ನ ಜಾಗ ಅನ್ನಿಸಿದ ಮೇಲೆ ಅದರ ನಿಜ ಗುಣ ಕಾಣುತ್ತದೆ. ಅದಕ್ಕೇ ಒಂದೂವರೆ ತಿಂಗಳು ಕೇಳಿದ್ದು.

ದಿನಾ ರಾತ್ರಿ ನಾಲ್ಕು ಸಾಲು ಬರೆಯಿರಿ. ಇವತ್ತು ಯಾರು ಬಂದರು, ನಾಯಿ ಏನು ಮಾಡಿತು. ಗಂಡಸರನ್ನು ಕಂಡರೆ ಹೇಗೆ, ಹೆಂಗಸರನ್ನು ಕಂಡರೆ ಹೇಗೆ? ತಲೆಗೆ ರುಮಾಲು ಸುತ್ತಿದವರು, ಹೆಲ್ಮೆಟ್ ಹಾಕಿದವರು, ಕೈಯಲ್ಲಿ ಬಡಿಗೆ ಹಿಡಿದವರು ಬಂದಾಗ? ಮಕ್ಕಳು ಓಡಿದಾಗ? ಎಮ್ಮೆ, ಆಡು, ಕೋಳಿ, ಬೆಕ್ಕು ಕಂಡಾಗ? ಟ್ರ್ಯಾಕ್ಟರ್ ಸದ್ದಿಗೆ? ಕತ್ತಲಾದ ಮೇಲೆ ಗುಣ ಬದಲಾಗುತ್ತದಾ? ಕಾವಲು ನಾಯಿಗಳು ಹಗಲಿಗಿಂತ ರಾತ್ರಿ ಬೇರೆಯೇ ಆಗುತ್ತವೆ. ಹಗಲು ನೋಡಿ ಒಪ್ಪಿಕೊಂಡವರು ರಾತ್ರಿ ಗಾಬರಿ ಆಗುತ್ತಾರೆ.

ಊಟದ ಹೊತ್ತು ಗಮನಿಸಿ. ತಟ್ಟೆಯ ಹತ್ತಿರ ಯಾರಾದರೂ ಬಂದರೆ ನಾಯಿ ಬೇಗ ಬೇಗ ತಿನ್ನುತ್ತದಾ, ಮೈ ಬಿಗಿ ಹಿಡಿದು ನಿಲ್ಲುತ್ತದಾ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುತ್ತದಾ? ಊಟ, ಮೂಳೆ, ಮಲಗುವ ಜಾಗ, ಕೆಲವೊಮ್ಮೆ ಒಬ್ಬ ಮನುಷ್ಯನನ್ನೇ ಹೀಗೆ "ನನ್ನದು" ಎಂದು ಕಾಯುವುದಕ್ಕೆ ತರಬೇತಿ ಕೊಡುವವರು ರಿಸೋರ್ಸ್ ಗಾರ್ಡಿಂಗ್ ಅನ್ನುತ್ತಾರೆ. ಪರೀಕ್ಷೆ ಮಾಡಲು ತಟ್ಟೆಗೆ ಕೈ ಹಾಕಬೇಡಿ, ದೂರದಿಂದ ನೋಡಿದರೆ ಸಾಕು.

ಗುರ್ ಅಂದಾಗ ಹೊಡೆಯುವುದು ಎಲ್ಲರೂ ಮಾಡುವ ತಪ್ಪು. ಗುರ್ ಅನ್ನುವುದು "ದೂರ ಇರು" ಎಂದು ನಾಯಿ ಹೇಳುವ ಮಾತು. ಹೊಡೆದು ಆ ಮಾತನ್ನು ಬಿಡಿಸಿದರೆ ಮುಂದಿನ ಸಲ ಹೇಳದೆ ಕಚ್ಚುತ್ತದೆ. ನೀವು ಹಿಂದೆ ಸರಿಯಿರಿ, ಯಾತಕ್ಕೆ ಗುರ್ ಅಂತು ಎಂದು ಬರೆದಿಡಿ.

ಇದೇ ದಿನಗಳಲ್ಲಿ ಮಝಲ್ ಅಭ್ಯಾಸ ಮಾಡಿಸಿ. ಬುಟ್ಟಿಯೊಳಗೆ ಬೇಯಿಸಿದ ಕೋಳಿಮಾಂಸದ ಚೂರು ಇಟ್ಟು ತಾನೇ ಮೂತಿ ಹಾಕುವ ಹಾಗೆ ಕಲಿಸಿ. ಬಕಲ್ ಹಾಕುವುದು ಐದಾರು ದಿನಗಳ ನಂತರದ ಮಾತು.

ಹಂತ 4: ನಾಯಿಯ ಬಗ್ಗೆ ಇದ್ದದ್ದು ಇದ್ದಹಾಗೆ ಬರೆಯಿರಿ

ನೋಟ್‌ಬುಕ್ ಮುಂದಿಟ್ಟುಕೊಂಡು ಒಂದು ಪುಟದ ಪರಿಚಯ ಬರೆಯಿರಿ. ಅಂದಾಜು ವಯಸ್ಸು, ತೂಕ, ಲಸಿಕೆ, ಕಾಯಿಲೆ, ಒಳ್ಳೆಯ ಗುಣ, ಕಷ್ಟದ ಗುಣ. ಕಚ್ಚಿದ್ದರೆ ಯಾರನ್ನು, ಯಾವಾಗ, ಯಾವ ಸಂದರ್ಭದಲ್ಲಿ, ಗಾಯ ಎಷ್ಟಾಯಿತು ಎಂದು ಪೂರ್ತಿ ಬರೆಯಿರಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನಾನು ಶುರುವಿನಲ್ಲಿ ಕೊಟ್ಟ ನಾಯಿಗಳಲ್ಲಿ ಒಂದು ಊಟದ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಹೇಳಿದರೆ ಯಾರೂ ಒಯ್ಯುವುದಿಲ್ಲ ಎಂದು "ಸ್ವಲ್ಪ ಹುಷಾರಾಗಿರಿ" ಅಂತಷ್ಟೇ ಹೇಳಿದೆ. ಒಂಬತ್ತನೇ ದಿನ ಆ ಮನೆಯ ಅಜ್ಜಿಯ ಕೈಗೆ ಹೊಲಿಗೆ ಬಿತ್ತು. ನಾಯಿ ವಾಪಸ್ ಬಂತು, ಮೈ ತುಂಬ ಬಾಸುಂಡೆ ಹೊತ್ತುಕೊಂಡು. ಆ ಅಜ್ಜಿಯ ನೋವಿಗೂ ನಾಯಿಯ ನೋವಿಗೂ ನಾನು ಮುಚ್ಚಿಟ್ಟ ಒಂದು ಮಾತೇ ಕಾರಣ.

ಸತ್ಯ ಹೇಳಿದರೆ ಹತ್ತು ಜನರಲ್ಲಿ ಒಂಬತ್ತು ಜನ ಹೋಗಬಹುದು. ಉಳಿದ ಒಬ್ಬರು ನಿಮಗೆ ಬೇಕಾದವರು.

ಹಂತ 5: ಅನುಭವಿ ಅಂದರೆ ಯಾರು?

"ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ನಾಯಿ ಇದೆ" ಅನ್ನುವುದು ಇಲ್ಲಿ ಸಾಕಾಗುವುದಿಲ್ಲ. ದೊಡ್ಡ ಕಾವಲು ತಳಿಯನ್ನು ಮರಿಯಿಂದ ಮುಪ್ಪಿನವರೆಗೆ ಸಾಕಿದವರು, ಪೊಲೀಸ್ ಅಥವಾ ಸೇನೆಯ ಶ್ವಾನದಳದಲ್ಲಿ ನಾಯಿ ನೋಡಿಕೊಂಡು ನಿವೃತ್ತರಾದವರು, ಪಶುವೈದ್ಯರು ತಾವಾಗಿಯೇ ಹೆಸರು ಹೇಳುವ ಸಾಕಣೆದಾರರು, ಇಂಥವರಿಂದ ಹುಡುಕಾಟ ಶುರುಮಾಡಿ. ಬೆಳಗಾವಿ ಸುತ್ತಮುತ್ತ ಮಾಜಿ ಸೈನಿಕರ ಮನೆಗಳು ಬಹಳ, ಅಲ್ಲಿ ವಿಚಾರಿಸಿ. ಪಶುವೈದ್ಯರನ್ನು ಕೇಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಯಾರು ಲಸಿಕೆ ತಪ್ಪಿಸುವುದಿಲ್ಲ, ಯಾರ ನಾಯಿ ಮೇಜಿನ ಮೇಲೆ ಸುಮ್ಮನೆ ನಿಲ್ಲುತ್ತದೆ ಎನ್ನುವುದು ಅವರಿಗೆ ಗೊತ್ತಿರುತ್ತದೆ.

ಫೋನಿನಲ್ಲಿ ಮಾತಾಡುವಾಗ ನಾನು ಮೊದಲು ಕೇಳುವುದು ಒಂದೇ: "ನಿಮ್ಮ ಹಿಂದಿನ ನಾಯಿ ಏನಾಯಿತು?" ಹದಿಮೂರು ವರ್ಷ ಬದುಕಿ ಮುಪ್ಪಿನಿಂದ ಸತ್ತಿತು ಎಂದು ಹೇಳಿ ಗಂಟಲು ಕಟ್ಟಿದವರಿದ್ದಾರೆ. "ಯಾರಿಗೋ ಕೊಟ್ಟೆವು, ಈಗ ಎಲ್ಲಿದೆಯೋ ಗೊತ್ತಿಲ್ಲ" ಅಂದವರೂ ಇದ್ದಾರೆ. ಆಮೇಲಿನ ಪ್ರಶ್ನೆಗಳು ಇವು. ನಾಯಿ ನಿಮ್ಮ ಮೇಲೆಯೇ ಗುರ್ ಅಂದರೆ ಏನು ಮಾಡುತ್ತೀರಿ? ರಾತ್ರಿ ಎಲ್ಲಿ ಮಲಗುತ್ತದೆ? ನೀವು ಹದಿನೈದು ದಿನ ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ ಇದೆಯಾ? ಈ ಕೊನೆಯ ಪ್ರಶ್ನೆಯನ್ನು ಮನೆಯ ಹೆಣ್ಣುಮಕ್ಕಳಿಗೆ ಬೇರೆಯಾಗಿ ಕೇಳಿ. ಗಂಡಸರು ಹೊಲಕ್ಕೆ ಹೋದ ಮೇಲೆ ದಿನವಿಡೀ ನಾಯಿಯ ಜೊತೆ ಇರುವವರು ಅವರು. ಊಟ ಹಾಕುವವರೂ ಅವರೇ.

"ಹೊಡೆದು ಬಡಿದು ಹದಕ್ಕೆ ತರುತ್ತೇನೆ", "ಇನ್ನೂ ಚೂಪಾಗಿ ಕಚ್ಚುವ ಹಾಗೆ ಮಾಡುತ್ತೇನೆ" ಅನ್ನುವವರಿಗೆ ಅಲ್ಲೇ ಬೇಡ ಅನ್ನಿ. ಗೋದಾಮು, ಕ್ರಷರ್, ಖಾಲಿ ಸೈಟು ಕಾಯಲು ಬೇಕು ಅನ್ನುವವರಿಗೂ ಕೊಡಬೇಡಿ. ಅಲ್ಲಿ ರಾತ್ರಿ ಯಾರೂ ಇರುವುದಿಲ್ಲ, ನಾಯಿ ಒಂಟಿಯಾಗಿ ಹುಚ್ಚು ಹಿಡಿದಂತೆ ಆಗುತ್ತದೆ. ಮಗನ ಹುಟ್ಟುಹಬ್ಬಕ್ಕೆ ಅನ್ನುವವರಿಗೂ ಬೇಡ. ಕುರಿ ಕಾಯಲು ಬೇಕು ಎಂದು ಕೇಳುವ ಕುರಿಗಾರರು ಸದುದ್ದೇಶದಿಂದಲೇ ಕೇಳುತ್ತಾರೆ. ಆದರೆ ಮಂದೆ ಕಾಯುವ ನಾಯಿ ಮರಿಯಿಂದಲೇ ಕುರಿಗಳ ನಡುವೆ ಬೆಳೆದಿರಬೇಕು. ಮನೆಯಲ್ಲಿ ಬೆಳೆದ ಮೂರು ವರ್ಷದ ನಾಯಿಯನ್ನು ತಂದು ದೊಡ್ಡಿಗೆ ಬಿಟ್ಟರೆ ಕುರಿಯನ್ನೇ ಹಿಡಿಯಬಹುದು. ಇದನ್ನು ಅವರಿಗೆ ಬಿಡಿಸಿ ಹೇಳಿ, ಅರ್ಥಮಾಡಿಕೊಳ್ಳುತ್ತಾರೆ.

ಖರ್ಚಿನ ಮಾತನ್ನು ಸಂಕೋಚ ಇಲ್ಲದೆ ಆಡಿ. ಹಾಲು ರೊಟ್ಟಿ, ಉಳಿದ ಅನ್ನದಲ್ಲಿ 50 ಕಿಲೋ ನಾಯಿಯ ಮೈ ನಿಲ್ಲುವುದಿಲ್ಲ. ಮೊಟ್ಟೆ, ಮಾಂಸ ಅಥವಾ ಒಳ್ಳೆಯ ನಾಯಿ ಆಹಾರ ಬೇಕು. ಔಷಧದ ಪ್ರಮಾಣ ತೂಕದ ಮೇಲೆ ಇರುವುದರಿಂದ ಅದರ ಖರ್ಚೂ ದೊಡ್ಡದೇ. ಮಾಂಸ ಮನೆಯೊಳಗೆ ಬರುವುದೇ ಇಲ್ಲ ಅನ್ನುವ ಮನೆಯಾದರೆ ಮುಂಚೆಯೇ ಮಾತಾಡಿ ದಾರಿ ಕಂಡುಕೊಳ್ಳಿ, ಆಮೇಲೆ ಮುಜುಗರ ಆಗಬಾರದು.

ಹಂತ 6: ಮನೆ ನೋಡದೆ ಕೊಡಬೇಡಿ

ನಾಯಿಯನ್ನು ಬಿಟ್ಟು ನೀವೊಬ್ಬರೇ ಹೋಗಿ. ಕಾಂಪೌಂಡ್ ಆರಡಿ ಇರಲಿ. ಗೇಟಿನ ಕೆಳಗೆ ಸಂದು ಇರಬಾರದು, ಒಳಗಿನಿಂದ ಗಟ್ಟಿ ಚಿಲಕ ಇರಬೇಕು. ಸಾಧ್ಯವಿದ್ದರೆ ಎರಡು ಗೇಟು: ಹೊರಗಿನದು ತೆರೆದಾಗ ಒಳಗಿನದು ಮುಚ್ಚಿರುವ ಹಾಗೆ. ಹಾಲು, ಕೊರಿಯರ್, ಮೀಟರ್ ಓದುವವರು ನಾಯಿಗೆ ಎದುರಾಗದೆ ಬಂದು ಹೋಗಲು ದಾರಿ ಇದೆಯಾ ನೋಡಿ. ನಿಮ್ಮ ನಾಯಿ ಯಾರಿಗಾದರೂ ಗಾಯ ಮಾಡದಂತೆ ಎಚ್ಚರ ವಹಿಸದಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಅಪರಾಧ ಎನ್ನುವುದು ಹೊಸ ಯಜಮಾನರಿಗೆ ತಿಳಿದಿರಲಿ.

ನೆರಳು ಎಲ್ಲಿದೆ? ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಪತ್ರಾಸ್ ಶೆಡ್ ನೆರಳಿನ ಹಾಗೆ ಕಾಣುತ್ತದೆ, ಮಧ್ಯಾಹ್ನ ಒಲೆಯಾಗುತ್ತದೆ. ಬೇವಿನ ಮರದ ಅಡಿ, ಕಲ್ಲಿನ ಮನೆಯ ಪಡಸಾಲೆ ಎಷ್ಟೋ ಉತ್ತಮ. ಕಕೇಷಿಯನ್‌ನಂಥ ದಟ್ಟ ಕೂದಲಿನ ನಾಯಿಯಾದರೆ ಬೆಳಗಾವಿ, ಖಾನಾಪುರದ ತಂಪು ಕಡೆ ಹುಡುಕುವುದು ಒಳ್ಳೆಯದು. ಖಾನಾಪುರದ ಕಾಡಂಚಿನ ಮನೆಯಾದರೆ ರಾತ್ರಿ ನಾಯಿ ಒಳಗೇ ಮಲಗಬೇಕು. ಹೊರಗೆ ಕಟ್ಟಿದ ನಾಯಿ ಎಷ್ಟೇ ದೊಡ್ಡದಾದರೂ ಚಿರತೆಗೆ ಸುಲಭದ ತುತ್ತು.

ತೋಟದ ಮನೆಯಾದರೆ ಕಬ್ಬು ಕಡಿಯುವ ಹಂಗಾಮಿನ ಬಗ್ಗೆ ಕೇಳಲೇಬೇಕು. ಆಗ ಹೊರಗಿನಿಂದ ಬಂದ ಟೋಳಿಗಳು ಹೊಲದ ಬದಿಯಲ್ಲೇ ಗುಡಿಸಲು ಹಾಕುತ್ತವೆ, ಅವರ ಸಣ್ಣ ಮಕ್ಕಳು ಅಲ್ಲೇ ಓಡಾಡುತ್ತಾರೆ, ರಾತ್ರಿ ಹೊತ್ತೂ ಟ್ರ್ಯಾಕ್ಟರ್ ತುಂಬುತ್ತಾರೆ. ಹೊಲವೆಲ್ಲ ತನ್ನದು ಎಂದು ತಿಳಿದ ನಾಯಿಗೆ ಅವರೆಲ್ಲ ಅಪರಿಚಿತರು. ಆ ತಿಂಗಳುಗಳಲ್ಲಿ ನಾಯಿಯನ್ನು ಬೇಲಿಯ ಒಳಗೆ ಇಡುವ ವ್ಯವಸ್ಥೆ ಇಲ್ಲದಿದ್ದರೆ ಆ ಮನೆಗೆ ಕೊಡಬೇಡಿ. ಆ ಮಕ್ಕಳ ಜೀವ ನಮ್ಮ ನಾಯಿಯಷ್ಟೇ ಮುಖ್ಯ.

ತಿಕೋಟಾ, ಅಥಣಿ ಕಡೆಯ ದ್ರಾಕ್ಷಿ ತೋಟಗಳಲ್ಲಿ ಇನ್ನೊಂದು ಅಪಾಯ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗಳ ಮೂತ್ರಪಿಂಡ ಕೆಡಿಸುತ್ತವೆ. ಒಣಗಿಸುವ ಶೆಡ್ಡಿನ ಕಡೆ ನಾಯಿ ಹೋಗುವಂತಿರಬಾರದು. ಸಿಂಪಡಿಸುವ ಔಷಧದ ಡಬ್ಬಿ, ಇಲಿ ಪಾಷಾಣ ಎಲ್ಲಿಡುತ್ತಾರೆ ಎಂದೂ ನೋಡಿ.

ಶಸ್ತ್ರಚಿಕಿತ್ಸೆ ಮಾಡುವ ಪಶುವೈದ್ಯರು ಎಷ್ಟು ದೂರ? ದೊಡ್ಡ, ಆಳ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ಜಠರ ತಿರುಚಿಕೊಳ್ಳುವ ತೊಂದರೆ ಬರುತ್ತದೆ. ವಾಂತಿಗೆ ಪ್ರಯತ್ನಿಸುತ್ತದೆ, ಏನೂ ಬರುವುದಿಲ್ಲ, ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ. ಕೆಲವೇ ತಾಸಿನಲ್ಲಿ ಜೀವ ಹೋಗಬಹುದು. ದಿನಕ್ಕೆ ಒಂದೇ ಸಲ ಹೊಟ್ಟೆ ತುಂಬ ಹಾಕುವ ಬದಲು ಎರಡು ಸಲ ಹಂಚಿ ಹಾಕುವುದು, ಊಟದ ನಂತರ ಓಡಿಸದಿರುವುದು ಒಳ್ಳೆಯದು.

ಹಂತ 7: ಮೂರು ಭೇಟಿ

ಮೊದಲ ಭೇಟಿ ನಿಮ್ಮಲ್ಲಿ. ಹೊಸಬರು ನಾಯಿಯನ್ನು ಮುಟ್ಟದೆ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಪಕ್ಕದಲ್ಲಿ ಕೂತು ನಿಮ್ಮೊಡನೆ ಮಾತಾಡಲಿ. ಎರಡನೆಯದು ಯಾರ ಜಾಗವೂ ಅಲ್ಲದ ಬಯಲಿನಲ್ಲಿ, ಬೆಳಿಗ್ಗೆ. ಜೊತೆಯಾಗಿ ಒಂದು ಗಂಟೆ ನಡೆಯಿರಿ, ನಡುವೆ ಹಗ್ಗ ಅವರ ಕೈಗೆ ಕೊಡಿ. ಮೂರನೆಯದು ಅವರ ಮನೆಯಲ್ಲಿ, ಮನೆಯ ಎಲ್ಲರೂ ಇರುವಾಗ. ಅವರ ಬಳಿ ಬೇರೆ ನಾಯಿ ಇದ್ದರೆ ಎರಡನ್ನೂ ಬಯಲಿನಲ್ಲೇ ದೂರದಿಂದ ಪರಿಚಯ ಮಾಡಿಸಿ, ಗೇಟಿನ ಒಳಗೆ ಬೇಡವೇ ಬೇಡ.

ಹೊಸಬರು ಅವಸರ ಮಾಡುತ್ತಾರಾ, ನಾಯಿ ಹಿಂಜರಿದಾಗ ಕಾಯುತ್ತಾರಾ? ಕಾಯುವವರಿಗೆ ಕೊಡಿ.

ಹಂತ 8: ಕಾಗದ ಪತ್ರ

ಸ್ಟ್ಯಾಂಪ್ ಪೇಪರ್ ಮೇಲೆ ಒಪ್ಪಂದ ಬರೆಯಿರಿ. ಕೊಟ್ಟ ದಿನಾಂಕ, ಇಬ್ಬರ ಗುರುತಿನ ಚೀಟಿ, ನಾಯಿಯ ಫೋಟೊ, ಚಿಪ್ ಸಂಖ್ಯೆ, ಹಂತ 4ರ ಪರಿಚಯ ಪುಟ ಎಲ್ಲ ಅದಕ್ಕೆ ಸೇರಲಿ. ಮರಿ ಮಾಡಿಸುವುದಿಲ್ಲ, ಮಾರುವುದಿಲ್ಲ, ಸದಾ ಕಟ್ಟಿ ಹಾಕುವುದಿಲ್ಲ, ಲಸಿಕೆ ತಪ್ಪಿಸುವುದಿಲ್ಲ ಎಂದು ಬರೆಸಿ. ಎಲ್ಲಕ್ಕಿಂತ ಮುಖ್ಯ ಸಾಲು ಇದು: "ಯಾವ ಕಾರಣಕ್ಕಾದರೂ ಇಟ್ಟುಕೊಳ್ಳಲು ಆಗದಿದ್ದರೆ ನಾಯಿಯನ್ನು ನನಗೇ ವಾಪಸ್ ಕೊಡಬೇಕು." ಬೇರೆಯವರಿಗೆ ದಾಟಿಸುವಂತಿಲ್ಲ. ಕಚ್ಚಿದ ಇತಿಹಾಸ ಓದಿ ತಿಳಿದಿದ್ದೇನೆ ಎಂದು ಅವರ ಸಹಿ ಬೇರೆಯಾಗಿ ಇರಲಿ.

ಮೊದಲ ಹದಿನೈದು ದಿನ ಪ್ರಯೋಗದ ಅವಧಿ ಎಂದು ಇಬ್ಬರೂ ಒಪ್ಪಿಕೊಳ್ಳಿ.

ಹಂತ 9: ಸಾಗಿಸುವ ದಿನ

ಬೆಳಗಿನ ಜಾವ ಹೊರಡಿ. ಹಿಂದಿನ ರಾತ್ರಿ ಹಗುರ ಊಟ, ಹೊರಡುವಾಗ ಬರೀ ನೀರು. ತೆರೆದ ಟೆಂಪೋದಲ್ಲಿ ಕಟ್ಟಿ ಒಯ್ಯಬೇಡಿ, ಹಾರಿ ನೇಣು ಬಿದ್ದ ಹಾಗೆ ಆಗುತ್ತದೆ. ನಾಯಿ ಮಲಗುತ್ತಿದ್ದ ಗೋಣಿಚೀಲ ಅಥವಾ ಕೌದಿಯನ್ನು ತೊಳೆಯದೆ ಜೊತೆಗೆ ಕಳಿಸಿ. ಆ ವಾಸನೆಯೊಂದೇ ಅದಕ್ಕೆ ಹೊಸ ಊರಿನಲ್ಲಿ ಗೊತ್ತಿರುವುದು. ದೀಪಾವಳಿ, ಗಣಪತಿ ಮೆರವಣಿಗೆಯ ವಾರಗಳಲ್ಲಿ ಸಾಗಿಸಬೇಡಿ.

ಹಂತ 10: ಹೊಸ ಮನೆಯ ಮೊದಲ ಮೂರು ತಿಂಗಳು

ನಾಯಿ ಸಾಕುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನ ಗಾಬರಿ, ಮೂರು ವಾರದಲ್ಲಿ ದಿನಚರಿ ಅರ್ಥ ಆಗುತ್ತದೆ, ಮೂರು ತಿಂಗಳಲ್ಲಿ ಇದು ನನ್ನ ಮನೆ ಅನ್ನಿಸುತ್ತದೆ. ಅಂದಾಜಿನ ಲೆಕ್ಕ, ಆದರೂ ಉಪಯೋಗಕ್ಕೆ ಬರುತ್ತದೆ.

ಮೊದಲ ಮೂರು ದಿನ ನೋಡಲು ಯಾರನ್ನೂ ಕರೆಯಬೇಡಿ ಎಂದು ಹೊಸ ಯಜಮಾನರಿಗೆ ಹೇಳಿ. ಓಣಿಯವರೆಲ್ಲ ಬಂದು ನಿಲ್ಲುವುದೇ ದೊಡ್ಡ ಸಮಸ್ಯೆ. ಊಟ ಹಾಕುವವರು ಒಬ್ಬರೇ ಇರಲಿ. ಮೊದಲ ತಿಂಗಳು ಹೊರಗೆ ಒಯ್ಯುವಾಗ ಎರಡು ಹಗ್ಗ: ಒಂದು ಕೊರಳಪಟ್ಟಿಗೆ, ಇನ್ನೊಂದು ಹಾರ್ನೆಸ್‌ಗೆ. ಜಾರಿ ಓಡುವುದು ಈ ದಿನಗಳಲ್ಲೇ. ಕಾಂಪೌಂಡಿನೊಳಗೂ ಒಬ್ಬರು ಜೊತೆಗಿರಲಿ.

ಮೂರನೇ ವಾರದ ಹೊತ್ತಿಗೆ ಕಾವಲು ಗುಣ ಮತ್ತೆ ತಲೆ ಎತ್ತುತ್ತದೆ. "ಇಷ್ಟು ದಿನ ಚೆನ್ನಾಗಿತ್ತು, ಈಗ ನೆಂಟರನ್ನು ಬಿಡುತ್ತಿಲ್ಲ" ಎಂದು ಫೋನ್ ಬರುವುದು ಆಗಲೇ. ಇದು ಬರುತ್ತದೆ ಎಂದು ಮೊದಲೇ ಹೇಳಿದ್ದರೆ ಅವರು ಗಾಬರಿ ಆಗುವುದಿಲ್ಲ. ನೆಂಟರು ಬರುವ ಮುಂಚೆ ನಾಯಿಯನ್ನು ಒಳಕೋಣೆಗೆ ಕರೆದೊಯ್ಯಿರಿ, ಅವರು ಕೂತು ಮಾತಿಗೆ ಶುರುಮಾಡಿದ ಮೇಲೆ ಹಗ್ಗ ಹಿಡಿದು ಕರೆತನ್ನಿ. ಬಾಗಿಲಲ್ಲೇ ಭೇಟಿ ಮಾಡಿಸಬೇಡಿ, ಕಾವಲು ನಾಯಿಗೆ ಬಾಗಿಲೇ ಗಡಿ. ಸಣ್ಣ ಮಕ್ಕಳ ಜೊತೆ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ.

ಬೇಸಿಗೆಯಲ್ಲಿ ನಡಿಗೆ ಸೂರ್ಯ ಹುಟ್ಟುವ ಮುಂಚೆ ಮುಗಿಯಲಿ. ಜೋರಾಗಿ ಏದುಸಿರು ಬಿಟ್ಟು, ನಾಲಿಗೆ ಕಡುಗೆಂಪಾಗಿ, ತೂರಾಡಿದರೆ ಬಿಸಿಲು ಬಡಿದಿದೆ ಎಂದೇ ತಿಳಿಯಿರಿ. ನೆರಳಿಗೆ ತನ್ನಿ, ಮೈಗೆಲ್ಲ ನೀರು ಹಾಕಿ, ಫ್ಯಾನ್ ಹಿಡಿದು, ವೈದ್ಯರ ಬಳಿ ಹೊರಡಿ.

ಹಂತ 11: ನಿಮ್ಮ ಕೆಲಸ ಇನ್ನೂ ಇದೆ

ಮೊದಲ ವಾರ ದಿನಾ ಫೋನ್ ಮಾಡಿ. ಆಮೇಲೆ ವಾರಕ್ಕೊಮ್ಮೆ, ಮೂರು ತಿಂಗಳ ನಂತರ ಯಾವಾಗಲಾದರೂ ಒಮ್ಮೆ. "ಹೇಗಿದೆ?" ಎಂದು ಕೇಳಿದರೆ "ಆರಾಮ ಇದೆ" ಎಂದಷ್ಟೇ ಉತ್ತರ ಬರುತ್ತದೆ. "ನಿನ್ನೆ ರಾತ್ರಿ ಎಲ್ಲಿ ಮಲಗಿತ್ತು? ಈ ವಾರ ಯಾರ ಮೇಲೆ ಬೊಗಳಿತು?" ಎಂದು ಕೇಳಿ. ಒಂದು ವಿಡಿಯೊ ಕಳಿಸಲು ಹೇಳಿ, ಅದರಲ್ಲಿ ನಾಯಿಯ ಪಕ್ಕೆಲುಬು, ಕೊರಳ ಸುತ್ತಲಿನ ಕೂದಲು ನೋಡಿ. ಕೊರಳಲ್ಲಿ ಕೂದಲು ಉದುರಿ ಗೆರೆ ಬಿದ್ದಿದ್ದರೆ ಕಟ್ಟಿಯೇ ಇಟ್ಟಿದ್ದಾರೆ ಎಂದರ್ಥ. ಮೂರು ತಿಂಗಳೊಳಗೆ ಒಮ್ಮೆ ಖುದ್ದಾಗಿ ಹೋಗಿ ಬನ್ನಿ.

ವಾಪಸ್ ಕೊಡುತ್ತೇವೆ ಅಂದರೆ ಬೈಯಬೇಡಿ, ಅದೇ ದಿನ ಹೋಗಿ ಕರೆತನ್ನಿ. ಬೈಗುಳದ ಭಯಕ್ಕೆ ಜನ ನಾಯಿಯನ್ನು ದಾರಿಯಲ್ಲಿ ಬಿಡುತ್ತಾರೆ. ವಾಪಸ್ ಬಂದ ಮೇಲೆ ಏನು ತಪ್ಪಿತು ಎಂದು ಪರಿಚಯ ಪುಟಕ್ಕೆ ಸೇರಿಸಿ, ಎರಡು ವಾರ ಸುಮ್ಮನಿರಲು ಬಿಟ್ಟು, ಮತ್ತೆ ಹಂತ 5ರಿಂದ ಶುರುಮಾಡಿ.

ಆರು ತಿಂಗಳು ಹುಡುಕಿದರೂ ಸರಿಯಾದವರು ಸಿಗದಿರಬಹುದು. ಆಗ ನಿಮ್ಮ ಜಿಲ್ಲೆಯ ಪ್ರಾಣಿ ದಯಾ ಸಂಘ, ಪಶುಸಂಗೋಪನೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಹುಬ್ಬಳ್ಳಿ–ಧಾರವಾಡ, ಕೊಲ್ಹಾಪುರ, ಸೊಲ್ಲಾಪುರದವರೆಗೂ ಹುಡುಕಾಟ ಹಬ್ಬಿಸಿ. ಮನುಷ್ಯರನ್ನು ಗಂಭೀರವಾಗಿ ಮತ್ತೆ ಮತ್ತೆ ಕಚ್ಚಿದ ನಾಯಿಯಾದರೆ, ಅದನ್ನು ಯಾರಿಗೂ ದಾಟಿಸುವ ಮುಂಚೆ ಪಶುವೈದ್ಯರು ಮತ್ತು ಹೊಡೆಯದೆ ಕಲಿಸುವ ತರಬೇತುದಾರರು ಇಬ್ಬರನ್ನೂ ಕೂರಿಸಿ ಮಾತಾಡಿ. ಅಲ್ಲಿಯವರೆಗೆ ನಾಯಿ ನಿಮ್ಮ ಹತ್ತಿರವೇ ಇರಲಿ: ಎರಡು ಬಾಗಿಲಿನ ಗೂಡು, ದಿನಕ್ಕೆ ಎರಡು ಸಲ ಮಝಲ್ ಹಾಕಿ ನಡಿಗೆ, ಊಟ ಹಾಕಲು ಒಬ್ಬರೇ. ಊಟದ ತಟ್ಟೆಯನ್ನು ಗೂಡಿನ ಹೊರಗಿನಿಂದಲೇ ಒಳಗೆ ಸರಿಸುವ ಹಾಗೆ ಕೆಳಗೊಂದು ಕಿಂಡಿ ಮಾಡಿಸಿಕೊಳ್ಳಿ.